ಬೆಳಿಗ್ಗೆ ಬಿಚ್ಚದ ಅಂಗೈ

ನನ್ನ ಎಡಗೈ ಮೊಣಕೈಯಲ್ಲಿ ಮಡಿಸಿಕೊಂಡು ನಿಂತುಬಿಟ್ಟಿದೆ. ಹೆಬ್ಬೆರಳು ಮೇಲಕ್ಕಿದೆ, ಅಂಗೈ ಹೊಟ್ಟೆಯ ಕಡೆ ತಿರುಗಿದೆ, ಬೆರಳುಗಳು ಅರ್ಧ ಬಾಗಿವೆ. ಚಾಚಲು ಬರುವುದಿಲ್ಲ, ತಿರುಗಿಸಲು ಬರುವುದಿಲ್ಲ. ಆಸ್ಪತ್ರೆಗೆಂದು ಬಂದು ಮಧುಗಿರಿ ಪೇಟೆಯಲ್ಲಿ ನಡೆದು ಹೋಗುವಾಗ ಜನ ನನ್ನ ಸೊಂಟದ ಮೇಲೆ ಏನೋ ಇದೆ ಎಂದುಕೊಂಡು ನೋಡುತ್ತಾರೆ. ಏನೂ ಇಲ್ಲದ್ದನ್ನು ಕಂಡು ಇನ್ನೊಮ್ಮೆ ನೋಡುತ್ತಾರೆ. ಮೊದಮೊದಲು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದೆ. ಈಗ ನೋಡಿಕೊಳ್ಳಲಿ ಎಂದು ಬಿಟ್ಟಿದ್ದೇನೆ.

ಇದನ್ನು ಬರೆಯುವುದಕ್ಕೆ ಕಾರಣ ಒಬ್ಬ ಹುಡುಗಿ. ಹೋದ ವಾರ ಆಸ್ಪತ್ರೆಯ ಜಗುಲಿಯಲ್ಲಿ ನನ್ನ ಪಕ್ಕ ಕೂತಿದ್ದಳು. ಹೊಸದಾಗಿ ಮದುವೆಯಾದವಳು, ಕೊರಟಗೆರೆ ಕಡೆಯವಳು. ಊದಿದ ಬೆರಳುಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದಳು. ತಾಯಿ ನೀರು ತರಲು ಎದ್ದು ಹೋದಾಗ ಮೆಲ್ಲಗೆ ನನ್ನ ಕಡೆ ಬಾಗಿ, ಬೆಳಗಿನ ಹೊತ್ತು ನಿಮಗೂ ಹೀಗೇ ಬಿಗಿಯುತ್ತಿತ್ತೇ ಎಂದು ಕೇಳಿದಳು. ಹೌದು ಎಂದೆ. ಅಷ್ಟಕ್ಕೇ ಅತ್ತುಬಿಟ್ಟಳು. ತಾಯಿ ಬಂದು ಯಾಕೆ ಅಳುತ್ತೀಯ ಎಂದು ಗದರಿದಳು. ಯಾಕೆ ಅಂತ ನನಗೆ ಗೊತ್ತಿತ್ತು.

ನಾನು ಮಧುಗಿರಿಯ ಮೇಷ್ಟರೊಬ್ಬರ ಮಗಳು, ಹೆಸರು ಗಂಗಮ್ಮ. ಕಳ್ಳಂಬೆಳ್ಳಕ್ಕೆ ಕೊಟ್ಟರು. ಗಂಡನ ಮನೆಯವರದು ಕಡಲೆಕಾಯಿ ವ್ಯಾಪಾರ, ಶಿರಾ ಪೇಟೆಗೆ ಗಾಡಿ ಹೂಡುವವರು. ಲಿಂಗವಂತರ ಮನೆ, ಅದರಲ್ಲೂ ಆಚಾರ ಬಿಗಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯ ಮೇಲಿಟ್ಟು ಪೂಜೆ ಮಾಡದೆ ಯಾರೂ ಒಂದು ಗುಟುಕು ನೀರು ಕುಡಿಯುವಂತಿಲ್ಲ. ಪೂಜೆಯಾಗದ ಹೆಂಗಸು ಒಲೆಯ ಹತ್ತಿರ ಸುಳಿಯುವಂತಿಲ್ಲ. ಈ ಕಟ್ಟು ನನಗೆ ಭಾರ ಅನ್ನಿಸಿರಲಿಲ್ಲ. ತವರಿನಲ್ಲೂ ಹಾಗೇ ಬೆಳೆದವಳು ನಾನು. ದಿನಕ್ಕೆ ಅಷ್ಟು ಹೊತ್ತಾದರೂ ಯಾರೂ ಕೂಗಿ ಕರೆಯದೆ ಒಬ್ಬಳೇ ಕೂರಬಹುದಲ್ಲ ಎಂಬ ಖುಷಿಯೂ ಇತ್ತು.

ಮಗಳು ಗಿರಿಜೆ ಹುಟ್ಟಿ, ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಕಳ್ಳಂಬೆಳ್ಳಕ್ಕೆ ಬಂದ ಹೊಸತು. ಒಂದು ಬೆಳಿಗ್ಗೆ ಎದ್ದರೆ ಬೆರಳುಗಳು ಹುರಿ ಸುತ್ತಿ ಕಟ್ಟಿದ ಹಾಗೆ ಬಿಗಿದಿದ್ದವು. ಗೆಣ್ಣುಗಳು ಊದಿ ಬಿಸಿಯಾಗಿದ್ದವು. ಮಗು ಅಳುತ್ತಿತ್ತು, ಎತ್ತಿಕೊಳ್ಳಲು ಹೋದರೆ ಕೈ ನನ್ನ ಮಾತು ಕೇಳಲಿಲ್ಲ. ಆಮೇಲೆ ಮಣಿಕಟ್ಟು, ಮೊಣಕೈ, ಮಂಡಿ, ಕಾಲ್ಬೆರಳು, ಒಂದಾದ ಮೇಲೊಂದು ಹಿಡಿದುಕೊಂಡವು. ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಾಳೆ, ಅದಕ್ಕೇ ವಾಯು ಹಿಡಿದಿದೆ ಎಂದರು ಅತ್ತೆ. ತವರಿನವರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಕೊಂಕು ಅದರಲ್ಲಿತ್ತು. ಆದರೂ ಲಕ್ಕಿ ಸೊಪ್ಪು ಕುದಿಸಿ ಮೈಗೆ ಹೊಯ್ದವರು ಅವರೇ, ಹರಳೆಣ್ಣೆ ಕಾಯಿಸಿ ತಿಕ್ಕಿದವರು ಅವರೇ. ಯಾರನ್ನೋ ಕರೆಸಿ ಮಣಿಕಟ್ಟಿಗೆ ಬರೆ ಹಾಕಿಸಿದರು. ಆ ಗುರುತು ಇನ್ನೂ ಇದೆ. ಯಜಮಾನರು ಗಾಡಿಯಲ್ಲಿ ಶಿರಾಕ್ಕೆ ಕರೆದುಕೊಂಡು ಹೋಗಿ ಮಸೀದಿಯ ಹತ್ತಿರದ ಹಕೀಮರಿಗೆ ತೋರಿಸಿದರು. ಮುದುಕ ಹಕೀಮರು ನನ್ನ ಬೆರಳನ್ನು ಮುಟ್ಟದೆ ನೋಡಿ, ಇದು ಗಠಿಯಾ ಬೇಟಿ, ಕೀಲಿನ ಕಾಯಿಲೆ, ಬೇಗ ಹೋಗುವುದಲ್ಲ, ಸಬರ್ ಬೇಕು, ತಾಳ್ಮೆ ಬೇಕು ಎಂದರು. ಮುಟ್ಟದೆ ನೋಡಿದ್ದಕ್ಕೆ ಇವತ್ತಿಗೂ ಅವರನ್ನು ನೆನೆಯುತ್ತೇನೆ. ಉಳಿದವರೆಲ್ಲ ಹಿಡಿದು ಎಳೆದೇ ನೋಡಿದವರು.

ನೋವನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಬೆಳಗಿನ ಪೂಜೆ. ಲಿಂಗಕ್ಕೆ ಅಂಗೈ ಮಟ್ಟಸವಾಗಿರಬೇಕು, ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿರಬೇಕು. ನನ್ನ ಕೈ ಮುಚ್ಚಿದ ಮೊಗ್ಗಿನ ಹಾಗೆ ಇರುತ್ತಿತ್ತು. ಬಲಗೈಯಿಂದ ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದೆ, ಬಲಗೈಯೂ ಅಂಥದ್ದೇ. ಹಲ್ಲು ಕಚ್ಚಿ ಬಿಡಿಸಿಟ್ಟು ನೀರು ಎರೆದರೆ ಊದಿದ ಗೆಣ್ಣುಗಳ ಸಂದಿಯಿಂದ ಎಲ್ಲ ಸೋರಿ, ತೀರ್ಥಕ್ಕೆ ಒಂದು ಹನಿಯೂ ಉಳಿಯುತ್ತಿರಲಿಲ್ಲ. ಅತ್ತೆ ಪಕ್ಕದ ಚಾಪೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಮುಚ್ಚಿದ ಕಣ್ಣಿಗೂ ನನ್ನ ಕೈ ಕಾಣುತ್ತಿತ್ತು.

ಒಂದು ದಿನ ಪತ್ರೆ ಏರಿಸುವಾಗ ಕೈ ತಾನಾಗಿ ಮುದುಡಿತು. ಲಿಂಗ ಮಡಿಲಿಗೆ ಬಿದ್ದು, ಅಲ್ಲಿಂದ ಜಾರಿ ನೆಲಕ್ಕೆ ಉರುಳಿತು. ಅದು ನೆಲಕ್ಕೆ ತಾಗಿದ ಸದ್ದು ಬಲು ಸಣ್ಣದು, ಆದರೆ ಅಡುಗೆಮನೆಯಲ್ಲಿದ್ದವರೂ ಮಾತು ನಿಲ್ಲಿಸಿದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅನಾಹುತ ಇಲ್ಲ. ಮಠದ ಅಯ್ಯನವರನ್ನು ಕರೆಸಿದರು. ಅವರು ಶಾಸ್ತ್ರ ಮಾಡಿ ಲಿಂಗವನ್ನು ಮತ್ತೆ ಕಟ್ಟಿದರು. ಹಿಂದಿನ ಕಾಲದಲ್ಲಿ ಲಿಂಗ ನೆಲ ಮುಟ್ಟಿದರೆ ಜನ ಜೀವ ಇಟ್ಟುಕೊಳ್ಳುತ್ತಿರಲಿಲ್ಲ ಎಂಬುದನ್ನೂ ನೆನಪಿಸಿ ಹೋದರು.

ಕಾಯಿಲೆ ಎಂದುಕೊಂಡು ಸುಮ್ಮನಾಗುತ್ತಿದ್ದರೇನೋ. ಆದರೆ ಹೊತ್ತು ಏರಿದ ಹಾಗೆ ನನ್ನ ಬೆರಳುಗಳು ಸಡಿಲವಾಗುತ್ತಿದ್ದವು. ಮಧ್ಯಾಹ್ನಕ್ಕೆ ಹೇಗೋ ಆಡುತ್ತಿದ್ದವು. ಸುಮ್ಮನೆ ಕೂತರೆ ಸೋಮಾರಿ ಅಂದಾರು ಎಂದು ಅಂಗಳದಲ್ಲಿ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದೆ. ಅತ್ತೆ ಒಂದು ದಿನ ಮುಂದೆ ಬಂದು ನಿಂತು ನನ್ನ ಕೈಯನ್ನೇ ನೋಡಿದರು.

“ಕಳ್ಳೇಕಾಯಿ ಸುಲಿಯಾಕೆ ಬಿಚ್ಕಣೋ ಕೈ ಶಿವನಿಗೆ ಯಾಕಮ್ಮಿ ಬಿಚ್ಕಣಲ್ಲ?”

 ಉತ್ತರ ಅಯ್ಯನವರ ಹತ್ತಿರ ಇತ್ತು. ಕೈ ಕೆಟ್ಟಿಲ್ಲ, ಲಿಂಗವೇ ಈ ಕೈಯನ್ನು ಒಲ್ಲೆ ಅನ್ನುತ್ತಿದೆ ಎಂದರು. ಕೆಟ್ಟಿದ್ದರೆ ದಿನವಿಡೀ ಕೆಟ್ಟಿರಬೇಕಿತ್ತಲ್ಲ, ಪೂಜೆಯ ಹೊತ್ತಿಗೆ ಸರಿಯಾಗಿ ಮುಚ್ಚಿ ಕೆಲಸದ ಹೊತ್ತಿಗೆ ಬಿಚ್ಚುವುದೆಂದರೇನು? ಮಾತು ಎಷ್ಟು ಸರಿಯಾಗಿ ಕೂತಿತೆಂದರೆ ನಾನೂ ನಂಬಿದೆ. ನನಗೆ ಗೊತ್ತಿಲ್ಲದೆ ಯಾವ ತಪ್ಪು ಮಾಡಿದ್ದೇನೆ ಎಂದು ಹುಟ್ಟಿದಾಗಿನಿಂದ ನಡೆದದ್ದನ್ನೆಲ್ಲ ಹುಡುಕಿಕೊಂಡು ಬಂದೆ. ಮಧ್ಯಾಹ್ನದವರೆಗೆ ಉಪವಾಸವಿದ್ದು, ಕೈ ಬಿಚ್ಚಿದ ಮೇಲೆ ಪೂಜೆಗೆ ಕೂತೂ ನೋಡಿದೆ. ಒಲೆ ಹಚ್ಚುವ ಮುಂಚೆ ಆಗದ ಪೂಜೆ ಈ ಮನೆಯಲ್ಲಿ ಪೂಜೆಯಲ್ಲ ಎಂದರು ಅತ್ತೆ.

ಅಲ್ಲಿಂದ ನನ್ನನ್ನು ಅಡುಗೆಮನೆಗೆ ಸೇರಿಸಲಿಲ್ಲ. ಪಡಸಾಲೆಯ ಮೂಲೆಯಲ್ಲಿ ತಟ್ಟೆ ಇಡುತ್ತಿದ್ದರು. ಗಿರಿಜೆಗೆ ಮೇಕೆ ಹಾಲು ರೂಢಿ ಮಾಡಿಸಿ ತಮ್ಮ ಪಕ್ಕ ಮಲಗಿಸಿಕೊಂಡರು. ಎತ್ತಿಕೊಳ್ಳಲು ಆಗುವುದಿಲ್ಲವಲ್ಲ, ಬೀಳಿಸಿಬಿಟ್ಟೀಯ ಎಂದರು. ಅದು ಸುಳ್ಳೂ ಅಲ್ಲ. ಲಿಂಗವನ್ನೇ ಬೀಳಿಸಿದವಳು ನಾನು. ಮಗು ಹೊಸಲಿನ ಆಚೆಯಿಂದ ನನ್ನ ಕಡೆ ಕೈ ಚಾಚುತ್ತಿತ್ತು. ಚಾಚಲು ನನಗೆ ಕೈ ಇರಲಿಲ್ಲ. ಶಿರಾದ ಕಡೆ ನೆಂಟರಲ್ಲಿ ಹುಡುಗಿಯೊಬ್ಬಳಿದ್ದಾಳೆ ಎಂಬ ಮಾತು ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ನಡೆಯಿತು. ಯಜಮಾನರು ಕೆಟ್ಟವರಲ್ಲ. ಆ ಮಾತಿಗೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಬದುಕು ಸಾಕು ಅನ್ನಿಸಿ ಹಿತ್ತಲ ಬಾವಿಯ ಹತ್ತಿರ ಹೋದದ್ದೂ ಉಂಟು. ಕಟ್ಟೆ ಏರುವುದಕ್ಕೆ ಮಂಡಿ ಬಗ್ಗಲಿಲ್ಲ. ಅಲ್ಲೇ ಕೂತು ಅಳುವುದು ಬಿಟ್ಟು ಬೇರೇನೂ ಮಾಡಲಾಗಲಿಲ್ಲ. ಆಗ ಶಪಿಸಿದ ಮಂಡಿಗೆ ಈಗ ಕೈ ಮುಗಿಯಬೇಕು. ಮುಗಿಯಲು ಎರಡು ಕೈ ಕೂಡುವುದಿಲ್ಲ, ಅಷ್ಟೆ.

ನಮ್ಮಪ್ಪ ಮೊಮ್ಮಗಳನ್ನು ನೋಡಲು ಬಂದವರು ನಾನು ಮೂಲೆಯಲ್ಲಿ ಕೂತು ಉಣ್ಣುವುದನ್ನು ನೋಡಿದರು. ಶಾಲೆಯಲ್ಲಿ ಗುಡುಗುವ ಮನುಷ್ಯ, ಆ ದಿನ ದನಿ ಏರಿಸಲಿಲ್ಲ. ಕೈ ನೆಟ್ಟಗಾಗುವ ತನಕ ಮಧುಗಿರಿಯಲ್ಲಿರಲಿ ಎಂದು ಕೇಳಿಕೊಂಡರು. ಅತ್ತೆ ಒಪ್ಪಿದರು. ಮಗು ಮಾತ್ರ ಇಲ್ಲೇ ಇರಲಿ, ಕೈ ಸರಿಯಾದ ದಿನ ತಾಯಿ ಬಂದು ಎತ್ತಿಕೊಳ್ಳಲಿ ಎಂದರು. ಹಾಗೆ ನನ್ನ ಮಗಳು ನನ್ನ ಎಡಗೈಗೆ ತಗುಲಿಕೊಂಡಳು. ಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಇದ್ದಲಿನಲ್ಲಿ ಓಡುವ ಬಸ್ಸು; ಏರಿನಲ್ಲೆಲ್ಲ ನಿಂತು ನಿಂತು ಹೋಯಿತು. ಒಂದೊಂದು ಕುಲುಕಿಗೂ ಮೈಯ ಒಂದೊಂದು ಕೀಲು ತನ್ನ ಹೆಸರು ಹೇಳಿತು.

ಮಧುಗಿರಿಗೆ ಆಗಷ್ಟೇ ಒಬ್ಬ ಡಾಕ್ಟರಮ್ಮ ವರ್ಗವಾಗಿ ಬಂದಿದ್ದರು. ಬೆಳಿಗ್ಗೆ ಹೋದರೆ ಸರದಿ ಬರುವ ಹೊತ್ತಿಗೆ ಬಿಸಿಲು ಜಗುಲಿಯ ಒಳಗೆ ಬಂದಿರುತ್ತಿತ್ತು. ಅಲ್ಲಿ ನನಗೆ ಸಿಕ್ಕವಳು ಪಾವಗಡದ ಮಲ್ಲಕ್ಕ. ಅವಳ ಕೈ, ಮುಖದ ಚರ್ಮ ಬಿಗಿದು ಮಿರುಗುತ್ತಿತ್ತು, ಬಿಸಿಗೆ ಹಿಡಿದ ತಮಟೆಯ ಹಾಗೆ. ಚಳಿ ಗಾಳಿ ತಾಗಿದರೆ ಬೆರಳು ಬೆಳ್ಳಗಾಗಿ ಆಮೇಲೆ ನೀಲಿಯಾಗುತ್ತಿದ್ದವು. ಬಾಯಿ ಪೂರಾ ತೆರೆಯುತ್ತಿರಲಿಲ್ಲ. ಅರ್ಧ ತೆಲುಗಿನ ಕನ್ನಡದಲ್ಲಿ ನನ್ನನ್ನು ಮೊದಲು ಗೇಲಿ ಮಾಡಿದಳು: ನೀನು ಮಡಚಿದ ಕೊಡೆ, ನಾನು ಒಣಗಿದ ತೊಗಲು, ಇಬ್ಬರನ್ನೂ ಸಂತೆಗೆ ಇಟ್ಟರೆ ಯಾರೂ ಕೊಳ್ಳುವುದಿಲ್ಲ ಎಂದಳು. ಎಷ್ಟೋ ತಿಂಗಳ ಮೇಲೆ ನಕ್ಕೆ. ಬಿಸಿಲು ಏರಿ ನನ್ನ ಬೆರಳು ಸಡಿಲವಾದ ಮೇಲೆ ಅವಳ ತಲೆ ಬಾಚಿಕೊಡುತ್ತಿದ್ದೆ. ನನಗೆ ಎಟುಕದ ಬೆನ್ನನ್ನು ಅವಳು ತನ್ನ ಮೊಂಡು ಗೆಣ್ಣಿನಿಂದ ಕೆರೆಯುತ್ತಿದ್ದಳು.

ಡಾಕ್ಟರಮ್ಮ ನನ್ನನ್ನು ಕೂರಿಸಿ, ಕೈಯನ್ನು ತಮ್ಮ ಕೈಮೇಲೆ ಇಟ್ಟುಕೊಂಡು ಕೇಳಿದ ಮೊದಲ ಮಾತು, ಯಾವ ಹೊತ್ತಿನಲ್ಲಿ ಜಾಸ್ತಿ ಎಂದು. ನಾನು ತಲೆ ತಗ್ಗಿಸಿದೆ. ಕಳ್ಳತನ ಸಿಕ್ಕಿಬಿದ್ದ ಹಾಗಾಯಿತು. ಕೊನೆಗೆ ಬೆಳಿಗ್ಗೆ ಎಂದೆ, ಮಧ್ಯಾಹ್ನಕ್ಕೆ ಬಿಚ್ಚುತ್ತದೆ ಎಂದೂ ಒಪ್ಪಿಕೊಂಡೆ.

“ಬಿಚ್ಚಲೇಬೇಕು. ಈ ಕಾಯಿಲೆ ಗುಣವೇ ಅದು,” ಎಂದರು. “ರಾತ್ರಿಯೆಲ್ಲ ಆಡದ ಕೀಲು ಬೆಳಿಗ್ಗೆ ಬಿಗಿಯುತ್ತೆ, ಓಡಾಡ್ತಾ ಸಡಿಲ ಆಗುತ್ತೆ. ಇದು ಇರೋ ಎಲ್ಲರಿಗೂ ಹಾಗೇ ಕಣಮ್ಮ.”

ಎಲ್ಲರಿಗೂ. ಆ ಒಂದು ಮಾತಿಗೆ ನಾನು ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಎಲ್ಲರಿಗೂ ಎಂದರೆ ಜೈನರಿಗೂ, ಸಾಬರಿಗೂ, ಲಿಂಗವನ್ನೇ ಕಾಣದವರಿಗೂ. ಶಿವ ನನ್ನನ್ನು ಒಲ್ಲೆ ಅಂದಿರಲಿಲ್ಲ. ನಮ್ಮ ಮನೆಯ ಪೂಜೆಯ ಹೊತ್ತೂ ಈ ಕಾಯಿಲೆಯ ಹೊತ್ತೂ ಒಂದೇ ಆಗಿತ್ತು, ಅಷ್ಟೇ. ಕೊರಟಗೆರೆಯ ಹುಡುಗಿ ಯಾಕೆ ಅತ್ತಳೋ ನಾನರಿಯೆ ಎಂದು ಹೇಗೆ ಹೇಳಲಿ?

ಡಾಕ್ಟರಮ್ಮ ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರು ಹೇಳಿದರು, ಸಂಧಿವಾತ ಎಂದು ಕನ್ನಡದಲ್ಲೂ ಹೇಳಿದರು. ನನಗೆ ಕೀಲಿಗೆ ಹತ್ತಿದ್ದು ಮಲ್ಲಕ್ಕನಿಗೆ ಚರ್ಮಕ್ಕೆ ಹತ್ತಿದೆ, ಎರಡೂ ಒಂದೇ ಬಳಗದವು ಇರಬಹುದು, ಯಾಕೆ ಬರುತ್ತವೆ ಎಂಬುದು ನಮಗೂ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದು ಹೇಳಿದವರು ಅವರೊಬ್ಬರೇ. ಉಳಿದವರಿಗೆಲ್ಲ ಗೊತ್ತಿತ್ತು.

ವಾಸಿಯಾಗುತ್ತದೆ ಎಂದು ಅವರು ಹೇಳಲಿಲ್ಲ. ಉಪ್ಪುಪ್ಪಾದ ಒಂದು ಔಷಧಿ ಕೊಟ್ಟರು. ನೋವು ತಗ್ಗಿತು, ಕಿವಿಯಲ್ಲಿ ಜೀರುಂಡೆ ಕೂಗಲು ಶುರುವಾಯಿತು. ಜೀರುಂಡೆ ತಡೆಯದೆ ಔಷಧಿ ಬಿಟ್ಟರೆ ನೋವು ವಾಪಸು ಬರುತ್ತಿತ್ತು. ಹೀಗೆ ಮಳೆಗಾಲ ಹೋಯಿತು, ಚಳಿಗಾಲ ಬಂತು. ಚಳಿಯಲ್ಲಿ ಮಲ್ಲಕ್ಕ ಬರುವುದು ನಿಂತಿತು. ಅವಳ ತಮ್ಮ ಬಂದು, ಏನು ಕೊಟ್ಟರೂ ಗಂಟಲಲ್ಲಿ ಇಳಿಯದೆ ಹೋಗಿಬಿಟ್ಟಳು ಎಂದು ಹೇಳಿ ಹೋದ. ಜಗುಲಿಯಲ್ಲಿ ಅವಳು ಕೂರುತ್ತಿದ್ದ ಕಂಬದ ಹತ್ತಿರ ನಾನು ಆಮೇಲೆ ಕೂರಲಿಲ್ಲ.

ಅಷ್ಟರಲ್ಲಿ ಎಡಗೈ ಮಧ್ಯಾಹ್ನಕ್ಕೂ ಬಿಚ್ಚದ ಹಾಗಾಯಿತು. ಡಾಕ್ಟರಮ್ಮ ಮಣಿಕಟ್ಟನ್ನೂ ಮೊಣಕೈಯನ್ನೂ ಹಿಡಿದು ನೋಡಿದರು. ಈ ಕೀಲುಗಳು ಬೆಸೆದುಕೊಳ್ಳುತ್ತಿವೆ, ತಡೆಯಲು ನನ್ನಿಂದ ಆಗುವುದಿಲ್ಲ ಎಂದರು. ಹಾಗೇ ಬಿಟ್ಟರೆ ಕೆಲಸಕ್ಕೆ ಬಾರದ ಹಾಗೆ ಸೊಟ್ಟಗೆ ನಿಲ್ಲುತ್ತದೆ. ಬೇಕಾದ ಆಕಾರದಲ್ಲಿ ಇಟ್ಟು ಸುಣ್ಣದ ಪಟ್ಟಿ ಕಟ್ಟಿದರೆ ಆ ಆಕಾರದಲ್ಲೇ ನಿಲ್ಲುತ್ತದೆ. ಒಂದೇ ಆಕಾರ, ಸಾಯುವ ತನಕ. ಹೆಬ್ಬೆರಳು ಮೇಲಾಗಿ ಚೊಂಬು ಹಿಡಿಯುವ ಹಾಗೆ ನಿಲ್ಲಿಸಿದರೆ ಎಷ್ಟೋ ಕೆಲಸಕ್ಕೆ ಬರುತ್ತದೆ ಎಂದು ಅವರ ಅಭಿಪ್ರಾಯ. ನಿನ್ನ ಕೈ, ನೀನು ಹೇಳು ಎಂದರು.

ನಾನು ಯೋಚಿಸಲೇ ಇಲ್ಲ. ಅಂಗೈ ಮೇಲಾಗಿ, ಲಿಂಗ ಹಿಡಿಯುವ ಹಾಗೆ ಎಂದೆ. ಅಪ್ಪನೂ ಅದನ್ನೇ ಅಂದರು. ಭಕ್ತಿಯಿಂದ ಅಂದೆ ಎಂದು ತಿಳಿಯಬೇಡಿ. ಬೆಳಿಗ್ಗೆಯೂ ಮುದುಡದ ಅಂಗೈ ಇದ್ದರೆ ಪೂಜೆಯಾಗುತ್ತದೆ, ಪೂಜೆಯಾದರೆ ಒಲೆ, ಒಲೆಯಾದರೆ ಮನೆ, ಮನೆಯಾದರೆ ಗಿರಿಜೆ. ಹಾಗೆ ಲೆಕ್ಕ ಹಾಕಿದ್ದೆ. ಪಟ್ಟಿ ಕಟ್ಟುವ ದಿನ ಗೊತ್ತುಮಾಡಿ ಅಪ್ಪ ಕಳ್ಳಂಬೆಳ್ಳಕ್ಕೆ ಹೇಳಿಕಳಿಸಿದರು.

ಅತ್ತೆ ಅದೇ ಇದ್ದಲು ಬಸ್ಸಿನಲ್ಲಿ ಬಂದರು. ಅಂಗೈ ಸರಿಯಾಗಿ ಮಟ್ಟಸವಾಗಿ ನಿಲ್ಲುತ್ತದೋ ಇಲ್ಲವೋ ಎಂದು ಕಣ್ಣಾರೆ ನೋಡಲು ಬಂದದ್ದು. ಹಣೆ ತುಂಬ ವಿಭೂತಿ, ಸೊಂಟದ ಮೇಲೆ ಗಿರಿಜೆ. ಮಗು ನನ್ನನ್ನು ಗುರುತು ಹಿಡಿಯಲಿಲ್ಲ. ಅಜ್ಜಿಯ ಸೆರಗಿನಲ್ಲಿ ಮುಖ ಅಡಗಿಸಿತು. ಆ ಕ್ಷಣ ನಾನು ಸತ್ತಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಡಾಕ್ಟರಮ್ಮ ನನ್ನ ಕೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲಿಟ್ಟು ಪಟ್ಟಿಯನ್ನು ನೀರಿಗೆ ಹಾಕುವುದರಲ್ಲಿದ್ದರು. ಅತ್ತೆ ತಡೆದರು. ಒಂದು ಮಾತು ಕೇಳಬೇಕಿತ್ತು ಅಂದರು: ಮಧ್ಯಾಹ್ನ ಬಿಚ್ಚಿಕೊಳ್ಳುತ್ತಿತ್ತಲ್ಲ, ಯಾಕೆ? ಡಾಕ್ಟರಮ್ಮ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದರು. ಎಲ್ಲರಿಗೂ ಹಾಗೇ ಎಂದರು. ಅತ್ತೆ ನನ್ನ ಮುಖ ನೋಡಲಿಲ್ಲ. ಕರಡಿಗೆಯನ್ನು ಮುಟ್ಟಿಕೊಂಡು ನಿಂತರು. ಆಮೇಲೆ, ಅದೇನು ತೋಚಿತೋ, ಕೈ ಹಾಗೇ ಇರಲಿ ಎಂದು ನನ್ನನ್ನು ಎದ್ದು ನಿಲ್ಲಿಸಿ ಗಿರಿಜೆಯನ್ನು ತಂದು ನನ್ನ ಎಡಸೊಂಟದ ಮೇಲೆ ಕೂರಿಸಿದರು. ಅಂಗೈ ಮೇಲಾದ ಕೈ ಮಗುವನ್ನು ಬಳಸುವುದೆಲ್ಲಿ ಬಂತು. ಗಿರಿಜೆ ಸೊಂಟದಿಂದ ಜಾರಿದಳು. ಕೆಳಗೆ ಕೈಯೊಡ್ಡಿ ಕಾದಿದ್ದ ಅತ್ತೆ ಹಿಡಿದುಕೊಂಡರು.

“ಶಿವನ್ನ ಎಲ್ಲಿ ಮಡಗಿದ್ರೂ ಕೂರ್ತಾನೆ,” ಎಂದರು ಡಾಕ್ಟರಮ್ಮನಿಗೆ. “ಮಗು ಕೂರಾಕಿಲ್ಲ. ಮಗೀನ ಎತ್ಕಣೋ ಅಂಗೆ ಕಟ್ಬುಡಿ.”

ಡಾಕ್ಟರಮ್ಮ ಮಗುವನ್ನು ಮತ್ತೆ ನನ್ನ ಸೊಂಟದ ಮೇಲೆ ಕೂರಿಸಿ, ಕೈಯನ್ನು ಅದರ ಸುತ್ತ ಬಳಸಿ, ಅತ್ತೆ ಕೆಳಗಿನಿಂದ ಆಧಾರ ಕೊಟ್ಟಿರುವಾಗ ಹಸಿ ಪಟ್ಟಿ ಸುತ್ತಿದರು. ಬೇರೆ ಯಾವ ಅಳತೆಯೂ ತೆಗೆಯಲಿಲ್ಲ. ಮಗು ಅರಚಿತು, ಸುಣ್ಣ ಮೆತ್ತಿದ ತನ್ನ ಕೈಯಿಂದ ನನ್ನ ಮೂಗು ಪರಚಿತು, ಅರಚಿ ಅರಚಿ ಸಾಕಾಗಿ ನನ್ನ ಹೆಗಲ ಮೇಲೆ ತಲೆಯಿಟ್ಟಿತು. ಪಟ್ಟಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮಗುವಿನ ಬಿಸಿ ಯಾವುದು, ಪಟ್ಟಿಯ ಬಿಸಿ ಯಾವುದು ಎಂದು ನನಗೆ ಗೊತ್ತಾಗಲಿಲ್ಲ.

ಕೀಲು ಬೆಸೆದು, ಪಟ್ಟಿ ಬಿಚ್ಚಿಸಿಕೊಂಡು ಕಳ್ಳಂಬೆಳ್ಳಕ್ಕೆ ಹೋದ ಮೇಲೆ ಅತ್ತೆ ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಒಂದು ಪುಟ್ಟ ಸಿಂಬೆ ಸುತ್ತಿಕೊಟ್ಟರು, ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುತ್ತೇವಲ್ಲ, ಅಂಥದ್ದು. ಅದನ್ನು ಮಡಿಲಲ್ಲಿಟ್ಟು ಅದರ ಮೇಲೆ ಲಿಂಗವಿಟ್ಟು ಪೂಜೆ ಮಾಡುತ್ತೇನೆ, ಮಧ್ಯಾಹ್ನ, ಬಲಗೈ ಸಡಿಲವಾದ ಮೇಲೆ. ಅಯ್ಯನವರು ಅಂಗೈಯೇ ಪೀಠ, ಬಟ್ಟೆಯಲ್ಲ ಎಂದು ತಕರಾರು ತೆಗೆದಾಗ, ಶಿವನೇ ಸುಮ್ಮನೆ ಕೂತಿದ್ದಾನೆ, ನೀವು ಯಾಕೆ ಏಳುತ್ತೀರಿ ಎಂದರು ಅತ್ತೆ. ಶಿರಾದ ಹುಡುಗಿಯ ಮಾತು ಅಲ್ಲಿಗೇ ನಿಂತಿತು. ನನ್ನ ಕ್ಷಮೆಯನ್ನು ಅತ್ತೆ ಕೇಳಲಿಲ್ಲ. ಎರಡು ವರ್ಷ ಗಿರಿಜೆ ನನ್ನ ಸೊಂಟ ಬಿಟ್ಟು ಇಳಿಯಲಿಲ್ಲ.

ಇದು ಸುಖಾಂತ್ಯವಲ್ಲ. ಗಿರಿಜೆ ಈಗ ಶಾಲೆಗೆ ಹೋಗುತ್ತಾಳೆ, ಸೊಂಟಕ್ಕೆ ಬರುವ ವಯಸ್ಸು ದಾಟಿತು. ಕೈ ಅವಳಿದ್ದ ಜಾಗವನ್ನು ಹಾಗೇ ಬಳಸಿಕೊಂಡು ನಿಂತಿದೆ. ನೋವು ಹೋಗಿಲ್ಲ. ಡಾಕ್ಟರಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಈ ಚಳಿಗಾಲದಿಂದ ಬಲ ಮಣಿಕಟ್ಟೂ ಅದೇ ದಾರಿ ಹಿಡಿದಿದೆ. ಇದನ್ನು ಬರೆಯಲು ಲೇಖನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ. ಹೊಸ ಡಾಕ್ಟರು ಒಮ್ಮೆ ನೋಡಿ ತಲೆಯಾಡಿಸಿದರು. ಮುದ್ದೆ ಮುರಿದು ಬಾಯಿಗೆ ಇಡುವ ಹಾಗೆ ನಿಲ್ಲಿಸಿಕೊಳ್ಳಬೇಕು ಎಂದು ನನ್ನೊಳಗೇ ತೀರ್ಮಾನಿಸಿದ್ದೇನೆ. ಭಯವಾಗುತ್ತದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಿನ್ನೆ ಗಿರಿಜೆ ಬಲಗೈಯ ಊತ ನೋಡಿ, ಇದನ್ನೂ ಕಟ್ಟಿಸುತ್ತೀಯ ಎಂದು ಕೇಳಿದಳು. ಹೂಂ, ಹೇಗೆ ಕಟ್ಟಿಸಲಿ ನೀನೇ ಹೇಳು ಎಂದೆ ತಮಾಷೆಗೆ. ಅವಳು ತಮಾಷೆ ಮಾಡಲಿಲ್ಲ. ಚೆನ್ನಾಗಿ ಯೋಚಿಸಿ ಹೇಳಿದಳು:

“ನಂಗೆ ಜಡೆ ಹೆಣೆಯೋ ಅಂಗೆ ಕಟ್ಟಿಸ್ಕಳವ್ವ.”

ಜಡೆ ಹೆಣೆಯುವುದಕ್ಕೆ ಆಕಾರ ಎಂಬುದಿಲ್ಲ, ಅದಕ್ಕೆ ಬೆರಳು ಆಡುತ್ತಿರಬೇಕು ಎಂದು ನಾನು ಹೇಳಲಿಲ್ಲ. ಬಾ ಎಂದೆ. ಅವಳು ಬಂದು ಎಡಗೈಯ ಒಳಗೆ, ತನ್ನ ಹಳೆಯ ಜಾಗದಲ್ಲಿ, ಬೆನ್ನು ಮಾಡಿ ಕೂತಳು. ಕೂದಲನ್ನು ಮೂರು ಕಾಲು ಮಾಡಿ, ಒಂದನ್ನು ಎಡಗೈಯ ಬೆರಳ ಸಂದಿಯಲ್ಲಿ ಸಿಕ್ಕಿಸಿ, ಉಳಿದೆರಡನ್ನು ಬಲಗೈಯಲ್ಲಿ ಹಿಡಿದು ಹೆಣೆಯಲು ಶುರುಮಾಡಿದೆ. ಮಧ್ಯಾಹ್ನವಾಗಿತ್ತು. ಬೆರಳುಗಳು ಇನ್ನೂ ಆಡುತ್ತಿದ್ದವು.